ಕೈಗವಸು ಹಾಕಿದರೆ ಕೈ ತೊಳೆದಂತಲ್ಲ

ವಾರ್ಡಿನಲ್ಲಿ ನನಗೆ ಸಿಟ್ಟು ಬರಿಸುವ ವಸ್ತು ಒಂದಿದ್ದರೆ ಅದು ಕೈಗವಸು. ತಪ್ಪು ಅದರದ್ದಲ್ಲ, ಹಾಕಿಕೊಂಡವರ ಭಂಡಧೈರ್ಯದ್ದು. ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡಿದ ಕೈಗವಸಿನಲ್ಲೇ ಪಕ್ಕದ ಮಂಚದ ಕಂಬಿ ಹಿಡಿಯುತ್ತಾರೆ, ಕೇಸ್ ಶೀಟ್ ತಿರುವುತ್ತಾರೆ, ಫೋನ್ ಎತ್ತುತ್ತಾರೆ. ಅವರ ಕೈ ಶುಚಿ, ರೋಗಾಣುವಿಗೆ ಊರೆಲ್ಲ ಮೆರವಣಿಗೆ!

ಕೈಗವಸು ತೆಗೆದ ಮೇಲೂ ಕೈ ಶುಚಿ ಮಾಡಲೇಬೇಕು. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗಲೂ ಕೊಳೆ ತಗಲಬಹುದು. ಸ್ಯಾನಿಟೈಸರ್ ಆದರೆ 20–30 ಸೆಕೆಂಡು, ಸೋಪು ನೀರಾದರೆ 40–60. ಬೇಗ ಮರೆತುಹೋಗುವುದು ಹೆಬ್ಬೆರಳು ಮತ್ತು ಬೆರಳ ತುದಿ. ರೋಗಿಯ ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ, ಅಂದರೆ ಕ್ಯಾನುಲಾ, ಮುಟ್ಟುವುದೂ ಅವೇ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾದ ರೋಗಿ ಇದ್ದರೆ ಸ್ಯಾನಿಟೈಸರ್ ಸಾಲದು. ಆ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲಿಗೆ ಜಗ್ಗುವುದಿಲ್ಲ. ಸೋಪು ಹಚ್ಚಿ, ತಿಕ್ಕಿ, ನೀರಿನಲ್ಲಿ ಹರಿಸಿಬಿಡಬೇಕು.

1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಇತರ ವೈದ್ಯರಿಂದ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಆದರೂ ಹಲವು ವೈದ್ಯರು ಒಪ್ಪಲಿಲ್ಲ. ಈಗಲೂ “ಸರ್, ಕೈ” ಎಂದರೆ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಗಂಟಿಕ್ಕಲಿ. ನಾನು ಬಾಟಲಿ ಮುಂದೆ ಹಿಡಿದೇ ನಿಲ್ಲುತ್ತೇನೆ.