ಕ್ಯಾನ್ಸರ್ ಬಂದೋರಿಗೆ ಜೀನ್ ಟೆಸ್ಟ್ ಮಾಡಿದ್ರೆ ಇನ್ನೆಷ್ಟು ದಿನ ಬದುಕ್ತಾರೆ ಅಂತ ಗೊತ್ತಾಗಲ್ವಾ?

ಗೊತ್ತಾಗಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದ್ರೆ ಬಾಯಲ್ಲಿ ಹೀಗೆ ಹೇಳಿದಾಗೆಲ್ಲ ಎದುರಿಗಿರೋರು ನಾನೇನೋ ಮುಚ್ಚಿಡ್ತಿದೀನಿ ಅನ್ನೋ ಹಾಗೆ ಮುಖ ನೋಡ್ತಾರೆ, ಅದಕ್ಕೇ ಉದ್ದಕ್ಕೆ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸಿ ಸುಮ್ನಾಗ್ತೀನಿ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡ್ತೀನಿ. ಡಾಕ್ಟರ್ ಅಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ನಮ್ಮ ಅಮ್ಮನೇ ಕೇಳಲ್ಲ. ಬಾಯಿ, ನಾಲಿಗೆ, ಗಂಟಲು ಕ್ಯಾನ್ಸರಿನ ಬಯಾಪ್ಸಿ ತುಣುಕುಗಳು ಮೇಣದಲ್ಲಿ ಹುದುಗಿ ಬ್ಲಾಕ್ ಆಗಿ ನಮ್ಮ ಹತ್ರ ಬರ್ತವೆ. ಅದನ್ನ ನಾಲ್ಕೈದು ಮೈಕ್ರಾನ್ ತೆಳ್ಳಗೆ ಕೊಯ್ದು, ಬಿಸಿನೀರಿನ ಮೇಲೆ ತೇಲಿಸಿ, ಸುಕ್ಕಾಗದ ಹಾಗೆ ಸ್ಲೈಡಿಗೆ ಹತ್ತಿಸೋದು. ಪೆಥಾಲಜಿಸ್ಟ್ ಮೇಡಂ ಸ್ಲೈಡ್ ಹಿಂದೆ ಮಾರ್ಕರ್ ಪೆನ್ನಲ್ಲಿ ಗೆರೆ ಎಳೆದು 'ಟ್ಯೂಮರ್ ಇಷ್ಟೇ, ಮಿಕ್ಕಿದ್ದು ಮಾಮೂಲಿ ಮಾಂಸ' ಅಂತಾರೆ, ಆ ಗೆರೆ ಒಳಗಿಂದು ಮಾತ್ರ ಕೆರೆದು ಡಿಎನ್ಎ ತೆಗೀತೀವಿ. ಗೆರೆ ಒಂಚೂರು ಆಚೀಚೆ ಆದ್ರೂ ಒಳ್ಳೆ ಜೀವಕೋಶ ಸೇರ್ಕೊಂಡು ರಿಸಲ್ಟ್ ಮಸುಕಾಗುತ್ತೆ. ಇಷ್ಟೆಲ್ಲ ಆದ್ಮೇಲೆ ಜನ 'ಜಸ್ಟ್ ಒಂದು ಟೆಸ್ಟ್ ಮಾಡಿ ಹೇಳ್ಬಿಡಿ ಮೇಡಂ' ಅಂತಾರಲ್ಲ, ನಂಗೆ ಉರಿಯೋದು ಆ 'ಹೇಳ್ಬಿಡಿ'ಗೆ. ಇನ್ನು ಕೆಲವರು 'ಅಂದಾಜು ಹೇಳಿ ಸಾಕು, ನಾವೇನು ಅದನ್ನೇ ಹಿಡ್ಕೊಂಡು ಕೂರಲ್ಲ' ಅಂತಾರೆ. ಕೂರ್ತಾರೆ. ಅದನ್ನೇ ಹಿಡ್ಕೊಂಡು ಕೂರ್ತಾರೆ.

ಹೋದ ವರ್ಷ ಕೆಂಗೇರಿ ಉಪನಗರದಲ್ಲಿ ನೆಂಟರ ಮನೆ ಗೃಹಪ್ರವೇಶ. ಇನ್ನೂ ಪೇಂಟ್ ವಾಸನೆ ಹೋಗದ ಮನೆ, ಟೆರೇಸ್ ಮೇಲೆ ಶಾಮಿಯಾನ, ಎಲೆಗೆ ಕೋಸಂಬರಿ ಬಡಿಸಿ ಹೋಳಿಗೆ ಇನ್ನೂ ಬಂದಿಲ್ಲ, ಅಷ್ಟರಲ್ಲಿ ಚನ್ನಗಿರಿ ಮಾವ ಪಕ್ಕದಲ್ಲಿ ಬಂದು ಕೂತ್ರು. ಎಡಗೈಲಿ ಫೋನು, ಫೋನಲ್ಲಿ ಪಿಡಿಎಫ್ಫು.

"ಏನೇ ಪುಟ್ಟಿ, ನಮ್ ಷಡ್ಡಕನ ರಿಪೋರ್ಟ್ ಇದು, ಕೆನ್ನೆ ಒಳಗಡೆದು, ಆಪರೇಷನ್ ಆಗಿದೆ. ಇಲ್ಲಿ ನೋಡು, ಪಿ53 ಅಂತ ಹಾಕಿದಾರೆ. ಅಂದ್ರೆ ಎಷ್ಟು ವರ್ಷ?"

"ಮಾವ, ಊಟ ಮಾಡಿ ಮೊದ್ಲು."

"ಊಟ ಮಾಡ್ತಾನೇ ಹೇಳು."

ಹೇಳಿದೆ. ಪಿ53 ಅನ್ನೋದು ಕಾವಲುಗಾರನ ಥರದ ಜೀನು, ಜೀವಕೋಶ ಕೆಟ್ಟಾಗ ಅದನ್ನ ನಿಲ್ಲಿಸೋದು ಇಲ್ಲ ಸಾಯಿಸೋದು ಅದರ ಕೆಲಸ. ತಂಬಾಕು, ಅಡಿಕೆ, ಹೆಂಡದ ದಾರಿಯಲ್ಲಿ ಬರೋ ಬಾಯಿ ಕ್ಯಾನ್ಸರುಗಳಲ್ಲಿ ಮೊದಲು ಕೆಡೋದೇ ಇಂಥವು. ಅಮೆರಿಕದ ಟಿಸಿಜಿಎ ಅನ್ನೋ ಕ್ಯಾನ್ಸರ್ ಜೀನ್ ಯೋಜನೆಯೋರು 2015ರಲ್ಲಿ 279 ತಲೆ-ಕುತ್ತಿಗೆ ಟ್ಯೂಮರ್‌ಗಳ ಜೀನ್ ಓದಿ ಹಾಕಿದಾರೆ, ಎಚ್‌ಪಿವಿ ವೈರಸ್ ಇಲ್ಲದ ಟ್ಯೂಮರ್‌ಗಳಲ್ಲಿ 100ಕ್ಕೆ 80ಕ್ಕೂ ಹೆಚ್ಚು ಪಿ53 ಕೆಟ್ಟವೇ. ಹೆಚ್ಚುಕಮ್ಮಿ ಎಲ್ಲರಿಗೂ ಇರೋ ಗುರುತು ಇಟ್ಕೊಂಡು ಯಾರು ಉಳೀತಾರೆ ಯಾರು ಹೋಗ್ತಾರೆ ಅಂತ ಬೇರೆ ಮಾಡೋದು ಹೆಂಗೆ? ಯಾವ ಥರ ಕೆಟ್ಟಿದೆ ಅನ್ನೋದ್ರ ಮೇಲೆ ಸ್ವಲ್ಪ ವ್ಯತ್ಯಾಸ ಇದೆ, ನಿಜ. 420 ರೋಗಿಗಳನ್ನ ನೋಡಿ 2007ರಲ್ಲಿ ಒಂದು ಅಧ್ಯಯನ ಬಂತು, ಪ್ರೋಟೀನಿನ ಆಕಾರವನ್ನೇ ಹಾಳು ಮಾಡೋ ಮ್ಯುಟೇಶನ್ (ಜೀನಲ್ಲಿ ಆಗೋ ಬದಲಾವಣೆ) ಇದ್ದೋರು ಬೇಗ ಹೋಗ್ತಾರೆ ಅಂತ. ಆದ್ರೆ ಅದು ಗುಂಪಿನ ಮಾತು.

ಮಾವನಿಗೆ ಗುಂಪಿನ ಮಾತು ಬೇಡ. ಆಗ ಹೊಳೀತು ನಂಗೆ, "ಮಾವ, ಅಡಿಕೆ ತೋಟದ ಫಸಲು ಚೇಣಿ ಗುತ್ತಿಗೆಗೆ ಕೊಡ್ತೀರಲ್ಲ, ಚೇಣಿಯೋನು ಒಂದು ಸುತ್ತು ಹಾಕಿ ಮರದ ತುದಿ ನೋಡಿ ಇಷ್ಟು ಕ್ವಿಂಟಾಲ್ ಅಂತಾನೆ, ಹೆಚ್ಚುಕಮ್ಮಿ ಸರಿಯಾಗೇ ಹೇಳ್ತಾನೆ. ಆದ್ರೆ ಯಾವ ಮರದ ಗೊನೆ ಕೊಳೆರೋಗಕ್ಕೆ ಉದುರುತ್ತೆ ಅಂತ ಹೇಳ್ತಾನಾ?"

ಮಾವ ಒಂದು ನಿಮಿಷ ಸುಮ್ನಾದ್ರು. ಆಮೇಲೆ, "ಅದು ತೋಟ ಕಣೇ. ಇವನು ಒಬ್ಬನೇ ಇರೋದು."

ಅದಕ್ಕೆ ನನ್ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ.

ಹಂಗಾದ್ರೆ ನಿಮ್ಮ ಲ್ಯಾಬ್ ಯಾಕ್ರೀ ಬೇಕು, ದುಡ್ಡು ದಂಡ ಅಂತ ಈಗ ಯಾರೋ ಕೇಳ್ತಾರೆ, ಅದೂ ಕೇಳಿದೀನಿ, ಮದುವೆ ಮನೆಯಲ್ಲೇ ಕೇಳಿದೀನಿ. ಕೆಲವು ಕಡೆ ಇಂಥ ಗುರುತು (ಮಾರ್ಕರ್ ಅಂತೀವಿ) ನಿಜವಾಗ್ಲೂ ಲೆಕ್ಕ ಬದಲಾಯಿಸಿದೆ ಸ್ವಾಮಿ. ಟಾನ್ಸಿಲ್, ನಾಲಿಗೆ ಬುಡದ ಕ್ಯಾನ್ಸರ್ ಎಚ್‌ಪಿವಿ ವೈರಸ್ಸಿಂದ ಬಂದಿದ್ರೆ ಅದು ಬೇರೆಯದೇ ಕಾಯಿಲೆ. 2010ರಲ್ಲಿ ಬಂದ ಅಧ್ಯಯನದಲ್ಲಿ ಮೂರು ವರ್ಷ ಆದ್ಮೇಲೆ ವೈರಸ್ ಇದ್ದೋರಲ್ಲಿ 100ಕ್ಕೆ 82 ಜನ ಬದುಕಿದ್ರು, ಇಲ್ಲದೋರಲ್ಲಿ 57. ಅಂಥ ಟ್ಯೂಮರಿಗೆ ಪಿ16 ಅನ್ನೋ ಪ್ರೋಟೀನ್ ತೋರಿಸೋ ಬಣ್ಣ ಹಾಕಿದ್ರೆ ಸ್ಲೈಡೆಲ್ಲ ಕಾಫಿ ಚೆಲ್ಲಿದ ಹಾಗೆ ಕಂದು ಬರುತ್ತೆ, ಅದೇ ಗುರುತು, ಸ್ಟೇಜ್ ಹಾಕೋ ನಿಯಮಾನೇ 2018ರಿಂದ ಇವರಿಗೆ ಬೇರೆ. ಆದ್ರೆ ನಮ್ಮ ಕಡೆ ಹೆಚ್ಚು ಬರೋದು ಕೆನ್ನೆ ಒಳಗಿಂದು, ಒಸಡಿಂದು; ಅಲ್ಲಿ ಪಿ16ಗೆ ಆ ಅರ್ಥ ಇಲ್ಲ. ಇಂಟರ್ನೆಟ್ಟಲ್ಲಿ ಓದ್ಕೊಂಡು 'ನಮ್ಮ ತಂದೆಗೂ ಪಿ16 ಮಾಡಿಸಿ, ಪಾಸಿಟಿವ್ ಬಂದ್ರೆ ಒಳ್ಳೇದಂತಲ್ಲ' ಅಂತ ಬರೋರಿಗೆ ಇದನ್ನ ಹೇಳೋದು ಎಷ್ಟು ಕಷ್ಟ ಗೊತ್ತಾ.

ಆ 2010ರ ಅಧ್ಯಯನದಲ್ಲೇ ಇನ್ನೊಂದಿದೆ, ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ವೈರಸ್ ಆದ್ಮೇಲೆ ರೋಗಿಗಳನ್ನ ಚೆನ್ನಾಗಿ ಬೇರೆ ಮಾಡಿದ್ದು ಯಾವ ಜೀನೂ ಅಲ್ಲ, ಎಷ್ಟು ವರ್ಷ ದಿನಕ್ಕೆ ಎಷ್ಟು ಪ್ಯಾಕ್ ಸಿಗರೇಟು ಸೇದಿದಾರೆ ಅನ್ನೋ ಪ್ರಶ್ನೆ. ಕೇಳೋಕೆ ಒಂದು ಪೈಸಾ ಖರ್ಚಿಲ್ಲ, ಸುಳ್ಳು ಮಾತ್ರ ಹೇಳ್ತಾರೆ.

ಮಾವನ ಪಿಡಿಎಫ್ ಎರಡನೇ ಪುಟಕ್ಕೆ ಎಳೆದೆ. ಅಲ್ಲಿತ್ತು ಅವರಿಗೆ ಬೇಕಾದ್ದು, ಇದ್ದಿದ್ರಲ್ಲಿ. ಟ್ಯೂಮರ್ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ, ಐದು ದಾಟಿದ್ಯಾ, ಹತ್ತು ದಾಟಿದ್ಯಾ, ಕುತ್ತಿಗೆ ಗಂಟಿಗೆ (ಲಿಂಫ್ ನೋಡ್) ಹೋಗಿದ್ಯಾ, ಹೋಗಿ ಗಂಟಿನ ಪೊರೆ ಒಡ್ಕೊಂಡು ಹೊರಗೆ ಬಂದಿದ್ಯಾ, ಕತ್ತರಿಸಿದ ಅಂಚು ಚೊಕ್ಕ ಇದ್ಯಾ. ಸ್ಕೇಲು, ಮೈಕ್ರೋಸ್ಕೋಪು, ಕಣ್ಣು. ರೇಡಿಯೇಶನ್ ಬೇಕಾ, ಜೊತೆಗೆ ಕೀಮೋ ಬೇಕಾ ಅಂತ ಡಾಕ್ಟರ್ ತೀರ್ಮಾನ ಮಾಡೋದು ಇವತ್ತಿಗೂ ಈ ಸಾಲುಗಳ ಮೇಲೆ. "ಇದನ್ನ ಓದಿದ್ರಾ" ಅಂದೆ. "ಅದೆಲ್ಲ ಮಾಮೂಲಿ ಅಲ್ವಾ" ಅಂದ್ರು.

ಇನ್ನು 'ಪೇಪರಲ್ಲಿ ಬಂದಿತ್ತು' ಅನ್ನೋರಿಗೆ. ಬಾಯಲ್ಲಿ ಬಿಳಿ ಮಚ್ಚೆ ಆಗುತ್ತಲ್ಲ, ಅದರ ಜೀವಕೋಶದಲ್ಲಿ ಡಿಎನ್ಎ ಎಷ್ಟಿದೆ ಅಂತ ಅಳೆದ್ರೆ ಯಾರಿಗೆ ಕ್ಯಾನ್ಸರ್ ಆಗುತ್ತೆ ಅಂತ ಮೊದಲೇ ಹೇಳಬಹುದು ಅಂತ ನಾರ್ವೆಯ ಯೋನ್ ಸುಡ್‌ಬೊ ಅನ್ನೋರು ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬರೆದಿದ್ರು, ಎಲ್ಲರೂ ನಂಬಿದ್ರು. 2005ರಲ್ಲಿ 'ಲ್ಯಾನ್ಸೆಟ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅವರ ಇನ್ನೊಂದು ಲೇಖನ ಬಂತು, 908 ಜನರ ಲೆಕ್ಕ. 2006ರಲ್ಲಿ ಗೊತ್ತಾಗಿದ್ದು, ಆ 908ರಲ್ಲಿ 250 ಜನರ ಹುಟ್ಟಿದಬ್ಬ ಒಂದೇ ದಿನ. ಜನರೇ ಇಲ್ಲ, ಎಲ್ಲ ಕೂತು ಟೈಪ್ ಮಾಡಿದ್ದು! ಹಳೇ ಡಿಎನ್ಎ ಲೇಖನಗಳನ್ನೂ ವಾಪಸ್ ತಗೊಂಡ್ರು. ನಮ್ಮ ಲ್ಯಾಬಲ್ಲಿ ಯಾರದಾದ್ರೂ ಡೇಟಾ ತುಂಬ ಚೆಂದ ಬಂದ್ರೆ ಈಗ್ಲೂ 'ಎಲ್ಲರ ಬರ್ತ್‌ಡೇ ಚೆಕ್ ಮಾಡ್ದ್ಯಾ' ಅಂತೀವಿ.

ಅದೇ 2005, ಅದೇ 'ಲ್ಯಾನ್ಸೆಟ್', ಕೆಲವೇ ತಿಂಗಳು ಮುಂಚೆ, ಕೇರಳದ ತಿರುವನಂತಪುರದ್ದು ಒಂದು ಬಂದಿತ್ತು. 13 ಪಂಚಾಯ್ತಿ, ಸುಮಾರು 1.9 ಲಕ್ಷ ಜನ. ಏಳು ಪಂಚಾಯ್ತಿಗಳಲ್ಲಿ ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಆ ಅನ್ಸಿ ನೋಡಿದ್ರು, ಅಷ್ಟೇ. ತಂಬಾಕು ಹೆಂಡದ ಅಭ್ಯಾಸ ಇದ್ದೋರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದು ಭಾಗ ಕಮ್ಮಿ ಆಯ್ತು. ನಾನು ಇಷ್ಟು ವರ್ಷ ಕೊಯ್ದಿರೋ ಬ್ಲಾಕುಗಳು ಎಲ್ಲ ಸೇರಿ ಅಷ್ಟು ಜನರನ್ನ ಉಳಿಸಿರಲ್ಲ, ಸುಮ್ನೆ ಹೇಳ್ತಿಲ್ಲ.

ಅದಕ್ಕೇ ನಂಗೆ ಯಾರಾದ್ರೂ ಬೇರೆ ಪ್ರಶ್ನೆ ಕೇಳ್ಲಿ ಅಂತ ಆಸೆ. 'ಬಾಯಲ್ಲಿ ಹುಣ್ಣು ಮೂರು ವಾರ ಆದ್ರೂ ಮಾಗ್ತಿಲ್ಲ, ತೋರಿಸ್ಬೇಕಾ?' 'ಸಾರು ಖಾರ ಇಲ್ದಿದ್ರೂ ಬಾಯಿ ಉರಿಯುತ್ತೆ, ಯಾಕೆ?' ಇವಕ್ಕೆ ನನ್ ಹತ್ರ ತಕ್ಷಣ ಉತ್ತರ ಇದೆ, ಯಾವ ಮೆಷಿನ್ನೂ ಬೇಡ. ಯಾರೂ ಕೇಳಲ್ಲ.

ಊಟ ಮುಗೀತು, ತಟ್ಟೆಯಲ್ಲಿ ಎಲೆ ಅಡಿಕೆ ಬಂತು. ಮಾವ ಎಲೆ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರ್ತಾ, "ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಅಡಿಕೆ" ಅಂದ್ರು, ನಾನು ಕೇಳದೇನೇ. ಬರೀ ಅಡಿಕೇನೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಾಲಿಗೆ ತುದಿಗೆ ಬಂದಿತ್ತು. ಆದ್ರೆ ನನ್ನ ಎಂಎಸ್ಸಿ ಫೀಸು ಕಟ್ಟಿದ್ದು ಇದೇ ಮಾವ, ಇದೇ ಅಡಿಕೆ ದುಡ್ಡಲ್ಲಿ, ಆ ವಿಷಯಕ್ಕೆ ಬಂದ್ರೆ ನಂಗೆ ಬಾಯಿಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ.

"ಮಾವ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಲ್ಲು ಮಧ್ಯ ಇಡಿ ನೋಡೋಣ."

"ಯಾಕೆ?"

"ಸುಮ್ನೆ ಇಡಿ."

ನಕ್ಕೊಂಡು ಇಟ್ರು. ಎರಡು ಹೋಯ್ತು, ಮೂರನೇದು ಹೋಗ್ಲಿಲ್ಲ. ಇನ್ನೊಂದ್ಸಲ ಟ್ರೈ ಮಾಡಿದ್ರು, ಕೆನ್ನೆ ಎರಡೂ ಕಡೆ ಹಗ್ಗ ಎಳೆದ ಹಾಗೆ ಬಿಗಿಯಾಯ್ತು. ಅಡಿಕೆಯಿಂದ ಬಾಯಿ ಒಳಗಿನ ಪದರ ಗಟ್ಟಿ ಕಟ್ಟೋದು ಹೀಗೇ, ಅದರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತೆ. ಹೇಳಿದೆ. ಸೋಮವಾರಾನೇ ಹೋಗಿ ತೋರಿಸಿ ಅಂದೆ, ಅಡಿಕೆ ಬಿಡಿ ಅಂತಾನೂ ಕೊನೆಗೆ ಹೇಳೇ ಬಿಟ್ಟೆ.

"ಹೋಳಿಗೆ ಜಾಸ್ತಿ ಆಯ್ತು, ಅದಕ್ಕೇ ಹಂಗೆ" ಅಂದ್ರು ಮಾವ.

ಇನ್ನೂ ಹೋಗಿಲ್ಲ. ಮೊನ್ನೆ ಮೆಸೇಜ್ ಬಂದಿತ್ತು: ಆ ಜೀನ್ ಟೆಸ್ಟ್ ನಂಗೂ ಮಾಡಿಸಿದ್ರೆ ಎಷ್ಟಾಗುತ್ತೆ ಪುಟ್ಟಿ?