ಮೂರು ವರ್ಷ ಮುಗೀತಲ್ಲ, ಇನ್ನೂ ಯಾಕೆ ಅಲ್ಲೇ ಇದ್ದೀರಿ?

ಬೆಂಗಳೂರಿನ ನೆಂಟರು ಕೇಳುತ್ತಾರೆ. ಡಲ್ಲಾಸ್‌ನ ಸ್ನೇಹಿತರು ಕೇಳುತ್ತಾರೆ. ಒಮಾಹಾದ ದೇವಸ್ಥಾನಕ್ಕೆ ಹೋದರೆ ಅಲ್ಲಿ ಪರಿಚಯ ಆದವರೂ ಕೇಳುತ್ತಾರೆ. ನಮ್ಮ ಮೇಲಿನ ಕಾಳಜಿಯಿಂದಲೇ ಕೇಳುವುದು, ಗೊತ್ತು. ಅದಕ್ಕೇ, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಈ ಸಣ್ಣ ಊರನ್ನು ನಾವು ಯಾಕೆ ಬಿಟ್ಟಿಲ್ಲ ಎಂಬುದನ್ನು ಫೋನಿನಲ್ಲಿ ಎರಡು ಮಾತಿಗೆ ಮುಗಿಸದೆ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಮೂರು ವರ್ಷದ ವಿಷಯ. ಜೆ-1 ವೀಸಾದಲ್ಲಿ ಬಂದು ಅಮೆರಿಕದಲ್ಲಿ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತಜ್ಞ ತರಬೇತಿ, ಮಾಡಿದ ಡಾಕ್ಟರುಗಳು ಅದು ಮುಗಿದ ಮೇಲೆ ಎರಡು ವರ್ಷ ತಮ್ಮ ದೇಶಕ್ಕೆ ಹೋಗಿ ಇರಬೇಕು. ಇಲ್ಲವೇ ಡಾಕ್ಟರುಗಳ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. 1994ರಲ್ಲಿ ಶುರುವಾದ ಈ ವ್ಯವಸ್ಥೆಗೆ ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್ರಾಡ್ ಅವರ ಹೆಸರಿದೆ. ಈಗ ಒಂದೊಂದು ರಾಜ್ಯಕ್ಕೂ ವರ್ಷಕ್ಕೆ 30 ಜಾಗ. ಅಮೆರಿಕದ ಯಾವುದೋ ಮೂಲೆಯ ಆಸ್ಪತ್ರೆಯಲ್ಲಿ ರಾವ್, ರೆಡ್ಡಿ, ಪಾಟೀಲ್ ಎಂಬ ಬೋರ್ಡು ಕಂಡರೆ ಎಷ್ಟೋ ಸಲ ಕಾರಣ ಇದೇ. ನನ್ನ ಯಜಮಾನರೂ ಹೀಗೇ ನೆಬ್ರಾಸ್ಕಾಕ್ಕೆ ಬಂದವರು. ಕರಾರಿನ ಮೂರು ವರ್ಷ ಮುಗಿದು ಬಹಳ ಕಾಲವಾಯಿತು. ನಾವು ಇಲ್ಲೇ ಇದ್ದೇವೆ.

ನಮ್ಮ ಊರಲ್ಲಿ ಸುಮಾರು ಒಂದೂವರೆ ಸಾವಿರ ಜನ. ಒಂದು ಮೇನ್ ಸ್ಟ್ರೀಟ್, ಊರಿನ ಹೆಸರು ಬರೆದ ನೀರಿನ ಟ್ಯಾಂಕು, ರೈಲು ಹಳಿಯ ಪಕ್ಕ ಎಲಿವೇಟರು ಎಂಬ ಧಾನ್ಯ ತುಂಬುವ ಎತ್ತರದ ಕಣಜ, ಕೋರ್ಟು, ಶಾಲೆ, ಒಂದಷ್ಟು ಚರ್ಚುಗಳು. ಊರು ಮುಗಿದ ಕಡೆಯಿಂದ ಮುಸುಕಿನ ಜೋಳ ಮತ್ತು ಸೋಯಾ.

ಇಂಥ ಊರುಗಳನ್ನು ಹುಟ್ಟಿಸಿದ್ದು ರೈಲು. 1870ರ ದಶಕದ ಆರಂಭದಲ್ಲಿ ಬರ್ಲಿಂಗ್ಟನ್ ಕಂಪನಿ ದಕ್ಷಿಣ ನೆಬ್ರಾಸ್ಕಾದಲ್ಲಿ ಹಳಿ ಹಾಕುತ್ತಾ ಹೋದಾಗ ಸ್ಟೇಷನ್ನುಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲೇ ಹೆಸರಿಟ್ಟಿತು. ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್. ಇವತ್ತಿಗೂ ಆ ದಾರಿಯಲ್ಲಿ ಕಾರು ಓಡಿಸಿದರೆ ಈ ಊರುಗಳು ಅದೇ ಸಾಲಿನಲ್ಲಿ ಬರುತ್ತವೆ. ರೈತ ಕುದುರೆ ಗಾಡಿಯಲ್ಲಿ ಧಾನ್ಯ ತಂದು ಹಾಕಿ ಅದೇ ದಿನ ಮನೆಗೆ ವಾಪಸ್ ಹೋಗುವಷ್ಟು ದೂರಕ್ಕೊಂದು ಊರು ಬೇಕಿತ್ತು. ಉಳುವವರಿಗೆ ಸರ್ಕಾರಿ ಭೂಮಿ ಕೊಟ್ಟ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ ಸಿಗುತ್ತಿದ್ದದ್ದು 160 ಎಕರೆ. ಇವತ್ತು ನೆಬ್ರಾಸ್ಕಾದಲ್ಲಿ ಒಬ್ಬ ರೈತನ ಹಿಡುವಳಿ ಸರಾಸರಿ ಸಾವಿರ ಎಕರೆಯ ಹತ್ತಿರ ಇದೆ. ಲೆಕ್ಕ ಹಾಕಿ ನೋಡಿ. ಆರು ಮನೆಯವರು ಉಳುತ್ತಿದ್ದ ಭೂಮಿಯನ್ನು ಈಗ ಒಂದು ಮನೆಯವರು ಉಳುತ್ತಾರೆ. ಉಳಿದ ಐದು ಮನೆ ಹೋಯಿತು ಎಂದರೆ ಆ ಮನೆಗಳ ಮಕ್ಕಳು ಶಾಲೆಯಿಂದ ಹೋದರು, ಅಂಗಡಿಯ ಗಿರಾಕಿಗಳು ಹೋದರು. ನಾವು ಬಂದ ಊರು ಹೀಗೆ ಸಣ್ಣದಾಗುತ್ತಲೇ ಬಂದ ಊರು.

ನನ್ನ ಉತ್ತರ ಇರುವುದೂ ಇಲ್ಲೇ. ಜನ ಕಡಿಮೆ ಆದರೂ ಊರಿನ ಕೆಲಸ ಕಡಿಮೆ ಆಗುವುದಿಲ್ಲ. ಬೆಂಕಿ ಬಿದ್ದರೆ ಆರಿಸಬೇಕು, ಸತ್ತವರನ್ನು ಮಣ್ಣು ಮಾಡಬೇಕು, ಮಕ್ಕಳನ್ನು ಆಡಿಸಬೇಕು, ಲೈಬ್ರರಿ ಬಾಗಿಲು ತೆರೆಯಬೇಕು. ಇರುವಷ್ಟು ಜನರೇ ಎಲ್ಲವನ್ನೂ ಮಾಡಬೇಕು. ಹಾಗಾಗಿ ಇಲ್ಲಿ ಯಾರೂ ಸುಮ್ನೆ ಇರೋಕೆ ಆಗಲ್ಲ. ಒಬ್ಬರೇ ಶಾಲೆಯ ಬಸ್ ಓಡಿಸುತ್ತಾರೆ, ಚರ್ಚಿನಲ್ಲಿ ಪಿಯಾನೋ ನುಡಿಸುತ್ತಾರೆ, ಊರಿನ ಕೌನ್ಸಿಲ್‌ನಲ್ಲೂ ಕೂರುತ್ತಾರೆ. ಅದೇ ಜನ, ಬೇರೆ ಬೇರೆ ಟೋಪಿ.

ಆಟವನ್ನೇ ನೋಡಿ. ಅಮೆರಿಕನ್ ಫುಟ್‌ಬಾಲಿಗೆ ಒಂದು ತಂಡಕ್ಕೆ 11 ಹುಡುಗರು ಬೇಕು. 1934ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ನೆಬ್ರಾಸ್ಕಾದ ಚೆಸ್ಟರ್ ಎಂಬ ಸಣ್ಣ ಊರಿನ ಮೇಷ್ಟ್ರು ಸ್ಟೀಫನ್ ಎಪ್ಲರ್ ಆರು ಜನ ಆಡುವ ಫುಟ್‌ಬಾಲಿಗೆ ನಿಯಮ ಬರೆದರು. ಅಷ್ಟು ಹುಡುಗರಿಲ್ಲದ ಶಾಲೆಗಳೂ ಆಡಲಿ ಎಂದು. ಆ ಸೆಪ್ಟೆಂಬರಿನಲ್ಲಿ ಹೆಬ್ರಾನ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಅದರಲ್ಲೂ ಎರಡೆರಡು ಊರು ಸೇರಿ ಒಂದೊಂದು ತಂಡ. ಈ ಕಡೆ ಹೆಬ್ರಾನ್ ಮತ್ತು ಚೆಸ್ಟರ್, ಆ ಕಡೆ ಬೆಲ್ವಿಡಿಯರ್ ಮತ್ತು ಅಲೆಕ್ಸಾಂಡ್ರಿಯಾ. 19-19ಕ್ಕೆ ಸಮವಾಯಿತು. ಈಗಲೂ ನೆಬ್ರಾಸ್ಕಾದ ಎಷ್ಟೋ ಶಾಲೆಗಳು ಆರು ಅಥವಾ ಎಂಟು ಜನರ ಆಟ ಆಡುತ್ತವೆ. ಜನ ಸಾಲದಿದ್ದರೆ ಆಟ ನಿಲ್ಲಿಸಲಿಲ್ಲ, ನಿಯಮ ಬದಲಿಸಿದರು. ಇದು ನನಗೆ ತುಂಬಾ ಇಷ್ಟ. ನನ್ನ ಮಗನಂಥ ಸಣಕಲು ಹುಡುಗನಿಗೆ ದೊಡ್ಡ ಸಿಟಿಯ ಶಾಲೆಯಲ್ಲಿ ಬೆಂಚಿನ ಮೇಲೂ ಜಾಗ ಸಿಗುತ್ತಿರಲಿಲ್ಲ. ಇಲ್ಲಿ ಅವನು ಆಡಿದ, ಟ್ರಂಪೆಟ್ ಊದಿದ, ನಾಟಕದಲ್ಲೂ ಪಾತ್ರ ಮಾಡಿದ. ಅವನಿಲ್ಲದಿದ್ದರೆ ಬ್ಯಾಂಡಿನಲ್ಲಿ ಟ್ರಂಪೆಟ್ಟೇ ಇರುತ್ತಿರಲಿಲ್ಲ.

ಅಂಗಡಿಯ ವಿಷಯದಲ್ಲೂ ಹಾಗೇ. ರಾಜ್ಯದ ಉತ್ತರ ಅಂಚಿನಲ್ಲಿ ಕೋಡಿ ಎಂಬ ಊರಿದೆ, 150ರ ಆಸುಪಾಸು ಜನ. ದಿನಸಿ ಅಂಗಡಿ ಇಲ್ಲದೆ ಬಹಳ ವರ್ಷ ಕಳೆದ ಮೇಲೆ, 2013ರಲ್ಲಿ ಒಣಹುಲ್ಲಿನ ಪೆಂಡಿಗಳನ್ನು ಪೇರಿಸಿ ಗೋಡೆ ಮಾಡಿದ ಕಟ್ಟಡದಲ್ಲಿ ಅಂಗಡಿ ತೆರೆದರು. ನಡೆಸುವವರು ಶಾಲೆಯ ಮಕ್ಕಳು.

ಅಗ್ನಿಶಾಮಕ ದಳ ಅಂದರೆ ನಮಗೆ ಸರ್ಕಾರಿ ನೌಕರರು ನೆನಪಾಗುತ್ತಾರೆ, ಅಲ್ವಾ? ಅಮೆರಿಕದಲ್ಲಿ ಬೆಂಕಿ ಆರಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ನಮ್ಮ ಊರಲ್ಲಂತೂ ಎಲ್ಲರೂ. ಸೈರನ್ ಕೂಗಿದರೆ ಬ್ಯಾಂಕಿನವರು, ಮೆಕ್ಯಾನಿಕ್ಕು, ಟ್ರ್ಯಾಕ್ಟರ್ ಮೇಲಿದ್ದ ರೈತ ಇದ್ದಲ್ಲಿಂದಲೇ ಓಡುತ್ತಾರೆ. ಆಂಬುಲೆನ್ಸಿಗೂ ಇದೇ ಜನ. ರಾತ್ರಿ ಎರಡಕ್ಕೆ ನಿಮ್ಮ ಅಪ್ಪನನ್ನು ಸ್ಟ್ರೆಚರ್ ಮೇಲೆ ಎತ್ತುವವರು ನಿಮ್ಮ ಮಗಳಿಗೆ ಗಣಿತ ಕಲಿಸುವ ಟೀಚರ್ ಆಗಿರಬಹುದು. ನಮ್ಮ ಮಾವನವರು ಇಲ್ಲಿಗೆ ಬಂದಿದ್ದಾಗ ಬಾತ್‌ರೂಮಿನಲ್ಲಿ ಬಿದ್ದರು. ಬಂದವರು ಅವರನ್ನು ಹೆಸರು ಹಿಡಿದೇ ಮಾತಾಡಿಸಿದರು. ಮಾವ ಬೆಳಗಿನ ವಾಕಿಂಗಿನಲ್ಲಿ ದಿನಾ ಕೈಬೀಸುತ್ತಿದ್ದ ಮನೆಯವರು ಅವರು.

ಇಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಮನೆಯವರು ಏನೂ ಮಾಡುವ ಹಾಗಿಲ್ಲ. ಚರ್ಚಿನ ಹೆಂಗಸರೇ ಯಾರು ಸಲಾಡ್, ಯಾರು ಸಿಹಿ ಎಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಹ್ಯಾಮ್ ಸ್ಯಾಂಡ್‌ವಿಚ್, ಆಲೂಗಡ್ಡೆ ಕ್ಯಾಸರೋಲ್, ಕಾಫಿ. ನಾವು ಆ ಚರ್ಚಿಗೆ ಸೇರಿದವರಲ್ಲ. ಆದರೂ ಒಂದು ದಿನ ಫೋನ್ ಬಂತು, "ನಿಂಬೆಹಣ್ಣಿನ ಆ ಅನ್ನ ಮಾಡ್ತೀರಾ?" ಎಂದು. ಆ ಫೋನ್ ಬಂದ ದಿನ ನನಗೆ ಆದ ಸಂತೋಷವನ್ನು ಅಮ್ಮನಿಗೆ ಎಷ್ಟು ಹೇಳಿದರೂ ಅರ್ಥ ಮಾಡಿಸಲು ಆಗಲಿಲ್ಲ. ಕರೆದು ಊಟ ಹಾಕುವುದು ಬೇರೆ. ನಮ್ಮ ಮನೆಯ ಸಾವಿಗೆ ನೀವೂ ಅಡುಗೆ ಮಾಡಬೇಕು ಎನ್ನುವುದು ಬೇರೆ.

ಒಂದು ಸುಗ್ಗಿಯಲ್ಲಿ ಪಕ್ಕದ ರೈತರಿಗೆ ಹೃದಯದ ಆಪರೇಷನ್ ಆಯಿತು. ಜೋಳ ಹೊಲದಲ್ಲೇ ಒಣಗಿ ನಿಂತಿತ್ತು. ಒಂದು ಬೆಳಗ್ಗೆ ಅಕ್ಕಪಕ್ಕದವರೆಲ್ಲ ತಮ್ಮ ತಮ್ಮ ಕಂಬೈನು ಎಂಬ ಕೊಯ್ಲಿನ ಯಂತ್ರ, ಲಾರಿ ತಂದು ಕೊಯ್ದು ಎಲಿವೇಟರಿಗೆ ಸಾಗಿಸಿದರು. ನಮ್ಮ ಮಲೆನಾಡಿನ ಮುಯ್ಯಾಳಿನ ಹಾಗೇ, ಆದರೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳ ಜೊತೆ. ಅವರ ಸ್ವಂತ ಬೆಳೆಯೂ ಹೊಲದಲ್ಲೇ ಇತ್ತು ಎನ್ನುವುದನ್ನು ಮರೆಯಬೇಡಿ.

ಇದೆಲ್ಲ ಕೇಳಿ ಸ್ವರ್ಗ ಅಂದುಕೊಳ್ಳಬೇಡಿ. ಎಲ್ಲರಿಗೂ ಎಲ್ಲರೂ ಬೇಕಾದ ಕಡೆ ಎಲ್ಲರ ವಿಷಯವೂ ಎಲ್ಲರಿಗೆ ಗೊತ್ತಿರುತ್ತದೆ. ನೆಬ್ರಾಸ್ಕಾದಲ್ಲಿ 93 ಕೌಂಟಿಗಳು, ನಮ್ಮ ಜಿಲ್ಲೆಗಳ ಹಾಗೆ. ಹೆಚ್ಚಿನ ಕೌಂಟಿಗಳಲ್ಲಿ ಕಾರಿನ ನಂಬರ್ ಪ್ಲೇಟು ಶುರುವಾಗುವುದೇ ಕೌಂಟಿಯ ನಂಬರಿನಿಂದ. ಹೊರಗಿನ ಕಾರು ನಿಮ್ಮ ಮನೆ ಮುಂದೆ ನಿಂತರೆ ಸಂಜೆಯೊಳಗೆ ಯಾರಾದರೂ ಕೇಳುತ್ತಾರೆ. ನಿಮ್ಮ ಕಾರು ಮಾನಸಿಕ ಆರೋಗ್ಯದ ಕ್ಲಿನಿಕ್ಕಿನ ಮುಂದೆ ನಿಂತರೂ ಗೊತ್ತಾಗುತ್ತದೆ. ಇದೇ ಭಯಕ್ಕೆ ಚಿಕಿತ್ಸೆಗೇ ಹೋಗದವರಿದ್ದಾರೆ, ಅದು ನನ್ನನ್ನು ತುಂಬಾ ಕಾಡುತ್ತದೆ. ಗುಂಪಿಗೆ ಹೊಂದದ ಹುಡುಗ ಹುಡುಗಿಯರಿಗೆ ಇಲ್ಲಿ ಬಚ್ಚಿಟ್ಟುಕೊಳ್ಳಲು ಇನ್ನೊಂದು ಗುಂಪಿಲ್ಲ. ರಾಜಕೀಯದಲ್ಲಿ ನನಗೂ ನೆರೆಯವರಿಗೂ ಬಹಳ ದೂರ. ವಲಸೆ ಬಂದವರ ಬಗ್ಗೆ ಕೆಲವರು ಆಡುವ ಮಾತು ಕೇಳಿ ನೋವಾಗಿದೆ. "ನಿಮ್ಮನ್ನಲ್ಲ ಹೇಳಿದ್ದು" ಎಂದರೆ ಆ ನೋವು ಕಡಿಮೆ ಆಗುವುದಿಲ್ಲ, ಅದನ್ನು ಅವರಿಗೇ ಹೇಳಿದ್ದೇನೆ. ಸ್ಕೈಲರ್‌ನಂಥ ಊರುಗಳು ತುಂಬಿಕೊಂಡಿರುವುದೇ ಮಾಂಸದ ಕಾರ್ಖಾನೆಗೆ ಕೆಲಸಕ್ಕೆ ಬಂದ ಲ್ಯಾಟಿನ್ ಅಮೆರಿಕದ ಕುಟುಂಬಗಳಿಂದ. ಅದನ್ನೂ ನೆನಪಿಸಿದ್ದೇನೆ.

ಆಸ್ಪತ್ರೆಯದು ಇನ್ನೊಂದು ಚಿಂತೆ. ನಮ್ಮದು 'ಕ್ರಿಟಿಕಲ್ ಆಕ್ಸೆಸ್' ವರ್ಗದ್ದು. 1997ರಲ್ಲಿ ಬಂದ ಈ ವರ್ಗದ ಆಸ್ಪತ್ರೆಗಳಲ್ಲಿ 25ಕ್ಕಿಂತ ಜಾಸ್ತಿ ಹಾಸಿಗೆ ಇರುವಂತಿಲ್ಲ, ಆದರೆ ತುರ್ತು ಚಿಕಿತ್ಸೆ 24 ಗಂಟೆಯೂ ಇರಬೇಕು. ಇಂದು ಅಮೆರಿಕದ ಗ್ರಾಮೀಣ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡೆ ಹೆರಿಗೆ ಮಾಡಿಸುವುದಿಲ್ಲ. ಹಿಮದ ರಾತ್ರಿ ನೋವು ತಿನ್ನುತ್ತಾ ಗಂಟೆಗಟ್ಟಲೆ ಕಾರಿನಲ್ಲಿ ಹೋಗುವುದನ್ನು ಊಹಿಸಿಕೊಳ್ಳಿ. ನನ್ನ ಯಜಮಾನರು ರಜೆ ಹಾಕಿದರೆ ಅವರ ಜಾಗಕ್ಕೆ ಯಾರು ಎಂಬುದು ಪ್ರತಿ ಸಲದ ತಲೆನೋವು. ನಾವು ಹೊರಟುಬಿಟ್ಟರೆ? ಡಲ್ಲಾಸ್‌ನಲ್ಲಿ ಅವರ ಜಾಗಕ್ಕೆ ನೂರು ಡಾಕ್ಟರು ಸಿಗುತ್ತಾರೆ. ಇಲ್ಲಿ ಆ ಕುರ್ಚಿ ವರ್ಷಗಟ್ಟಲೆ ಖಾಲಿ ಇರಬಹುದು. ಮೂರು ವರ್ಷ ಮುಗಿದಾಗ ನಾವಿಬ್ಬರೂ ಕೂತು ಮಾತಾಡಿದ್ದು ಇದನ್ನೇ. ಸಂಬಳ, ಮನೆ, ಕೊತ್ತಂಬರಿ ಸೊಪ್ಪು ಸಿಗುವ ಅಂಗಡಿ ಎಲ್ಲ ಆಮೇಲೆ ಬಂತು.

ನಮ್ಮ ಹಾಗೇ ಬರಲಿರುವ ಕಿರಿಯ ಡಾಕ್ಟರುಗಳು, ಅವರ ಮನೆಯವರು ಈಚೆಗೆ ಜಾಸ್ತಿ ಕೇಳುತ್ತಿದ್ದಾರೆ. ಅವರಿಗೆ ಹೇಳುವುದು ಇಷ್ಟು. ಸಂದರ್ಶನಕ್ಕೆ ಬಂದಾಗ ಆಸ್ಪತ್ರೆ ಮಾತ್ರ ನೋಡಬೇಡಿ, ಶಾಲೆಗೂ ಹೋಗಿ. ಹತ್ತಿರದ ಹೆರಿಗೆ ಆಸ್ಪತ್ರೆ ಎಷ್ಟು ದೂರ, ವಾರಕ್ಕೆ ಎಷ್ಟು ರಾತ್ರಿ ಡ್ಯೂಟಿ ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ಹೆಂಡತಿಗೋ ಗಂಡನಿಗೋ ಇಲ್ಲಿ ಮಾಡಲು ಕೆಲಸ ಇದೆಯಾ ನೋಡಿ. ಇಲ್ಲವಾದರೆ ಅವರು ನಿಜಕ್ಕೂ ಒಂಟಿಯಾಗುತ್ತಾರೆ, ಅದನ್ನು ಕಂಡಿದ್ದೇನೆ. ಬಂದ ಮೇಲೆ ಕರೆಯಲಿ ಎಂದು ಕಾಯಬೇಡಿ. ಇಲ್ಲಿನವರು ಸಂಕೋಚದ ಜನ, ಡಾಕ್ಟರ ಮನೆಯವರನ್ನು ಕೆಲಸಕ್ಕೆ ಕರೆಯಲು ಹಿಂಜರಿಯುತ್ತಾರೆ. ನೀವೇ ಶಾಲೆಯ ಆಫೀಸಿಗೆ ಫೋನ್ ಮಾಡಿ, ಶುಕ್ರವಾರದ ಫುಟ್‌ಬಾಲ್ ಪಂದ್ಯಕ್ಕೆ ತಿಂಡಿ ಮಾರುವ ಕೌಂಟರಿನಲ್ಲಿ ನಿಲ್ಲುತ್ತೇವೆ ಎಂದು ಹೆಸರು ಕೊಡಿ. ಅಲ್ಲಿ ಯಾವಾಗಲೂ ಜನ ಬೇಕು.