ಪೊರೆ

ಆಗಸ್ಟ್ 10, 2024, ಶನಿವಾರ ರಾತ್ರಿ
ಮೆಲ್ಬರ್ನ್

ಮಕ್ಕಳಿಗೆ ಪ್ರಾಣಿ ತೋರಿಸೋ ಮೂರು ಶೋ ಮುಗಿಸಿ, ಪ್ರಾಣಿಗಳನ್ನೆಲ್ಲ ಅವುಗಳ ರೂಮಿಗೆ ಬಿಟ್ಟು ಈಗ ಮನೆಗೆ ಬಂದೆ. ಊಟ ಇನ್ನೂ ಆಗಿಲ್ಲ, ಮೊದಲು ಬರೆದುಬಿಡೋಣ ಅನ್ನಿಸ್ತು.

ಮೊದಲ ಎರಡು ಶೋ ಬಗ್ಗೆ ಹೇಳೋಕೆ ಏನಿಲ್ಲ. ಮೂರನೇದು ಟಾರ್ನೀಟ್‌ನಲ್ಲಿ, ಹುಡುಗನಿಗೆ ಆರು ವರ್ಷ ತುಂಬಿದ ಬರ್ತ್‌ಡೇ, ಬಾಗಿಲು ತೆಗೆದ ತಕ್ಷಣ ಕಾಯಿ ಬೆಲ್ಲದ ಘಮ. ನಿನ್ನೆ ನಾಗರಪಂಚಮಿ ಅಲ್ವಾ, ಅರಿಶಿನ ಎಲೆ ಸಿಗದೆ ಬಾಳೆ ಎಲೆಯಲ್ಲೇ ಕಡುಬು ಮಾಡಿದ್ರಂತೆ, ಎರಡು ಉಳಿದಿತ್ತು ಅಂತ ನನಗೂ ಕೊಟ್ರು. ನಾನು ಕನ್ನಡದವಳು ಅಂತ ಅವರಿಗೂ ಗೊತ್ತಿರ್ಲಿಲ್ಲ, ಅವರು ಕನ್ನಡದವರು ಅಂತ ನನಗೂ ಗೊತ್ತಿರ್ಲಿಲ್ಲ, ಬುಕಿಂಗ್ ಎಲ್ಲ ಆಫೀಸಿಂದ ಬರೋದು. ಅರ್ಧ ಶೋ ಇಂಗ್ಲಿಷು ಅರ್ಧ ಕನ್ನಡ ಆಯ್ತು.

ಮೊದಲು ಕಡ್ಡಿಹುಳ ತೆಗೆದೆ. ನಮ್ಮ ಹತ್ರ ಇರೋದು ಇಲ್ಲಿನ ಸ್ಪೈನಿ ಲೀಫ್ ಇನ್ಸೆಕ್ಟ್, ಒಣಗಿದ ಎಲೆ ಮುದುರಿಕೊಂಡ ಹಾಗೆ ಮೈ, ತುಂಬ ಮುಳ್ಳು, ಹೆದರಿಸಿದ್ರೆ ಬಾಲ ಚೇಳಿನ ಥರ ಮೇಲೆತ್ತುತ್ತೆ. ಮೆಲ್ಲಗೆ ಉಸಿರು ಬಿಟ್ರೆ ಗಾಳಿಗೆ ಎಲೆ ತೂಗೋ ಹಾಗೆ ಆ ಕಡೆ ಈ ಕಡೆ ತೂಗುತ್ತೆ. ಹನ್ನೆರಡು ಮಕ್ಕಳು ಉಸಿರು ಹಿಡಿದು ನೋಡ್ತಿದ್ರು. ಗದ್ದಲ ಮಾಡ್ತಿದ್ದ ಮಕ್ಕಳು ಹೀಗೆ ಒಟ್ಟಿಗೆ ಸುಮ್ಮನಾಗೋ ಆ ಒಂದು ನಿಮಿಷಕ್ಕೇ ನಾನು ಈ ಕೆಲಸ ಬಿಡದೆ ಇರೋದು. ಆಮೇಲೆ ಕಪ್ಪೆ, ಆಮೇಲೆ ಬ್ಲೂ ಟಂಗ್ ಹಲ್ಲಿ ನೀಲಿ ನಾಲಿಗೆ ಚಾಚಿ ತೋರಿಸ್ತು, ಕೊನೇಲಿ ಬೆಲ್ಲ.

ಬೆಲ್ಲ ಅಂದ್ರೆ ನಮ್ಮ ಚಿಲ್ಡ್ರನ್ಸ್ ಪೈಥಾನ್, ಆಫೀಸಲ್ಲಿ ಅವನಿಗೆ ಬೇರೆ ಹೆಸರಿದೆ, ಬಣ್ಣ ನೋಡಿ ನಾನು ಇಟ್ಟಿದ್ದು ಇದು. ಮಕ್ಕಳ ಹಾವು ಅಂತ ಎಲ್ಲರೂ ಅಂದ್ಕೋತಾರೆ, ಹಾಗಲ್ಲ, ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಜಾನ್ ಜಾರ್ಜ್ ಚಿಲ್ಡ್ರನ್ ಅನ್ನೋರ ಹೆಸರು ಅದಕ್ಕೆ ಇಟ್ಟಿರೋದು, 1842ರಲ್ಲಿ. ವಿಷ ಇಲ್ಲ, ಉದ್ದ ಒಂದು ಮೀಟರಿನ ಆಸುಪಾಸು ಅಷ್ಟೇ, ಸ್ವಭಾವ ತುಂಬ ಸಾಧು.

ಮಕ್ಕಳು ಒಬ್ಬೊಬ್ಬರೇ ಬಂದು ಎರಡು ಬೆರಳಲ್ಲಿ, ತಲೆ ಬಿಟ್ಟು ಬೆನ್ನು ಮಾತ್ರ ಸವರಿ, ಹೋಗಿ ಸೋಪು ಹಾಕಿ ಕೈ ತೊಳ್ಕೊಂಡ್ರು. (ಇದೊಂದು ವಿಷಯದಲ್ಲಿ ನಾನು ಯಾರ ಮುಲಾಜೂ ನೋಡಲ್ಲ, ಸರೀಸೃಪದ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ ಕಾಯಿಲೆ ತರೋ ಬ್ಯಾಕ್ಟೀರಿಯಾ ಇರಬಹುದು, ಕೈ ತೊಳೆಯದೆ ಕೇಕ್ ಮುಟ್ಟೋ ಹಾಗಿಲ್ಲ.) ಮಕ್ಕಳೆಲ್ಲ ಕೇಕ್ ಕಡೆ ಓಡಿದ ಮೇಲೆ ಸೋಫಾದ ಮೂಲೇಲಿ ಕೂತಿದ್ದ ಅಜ್ಜಿ ಎದ್ದು ಬಂದ್ರು. ಪುತ್ತೂರಿನವರು, ಮಗಳ ಮನೆಗೆ ಆರು ತಿಂಗಳಿಗೆ ಬಂದಿದ್ದಾರಂತೆ. ಮನೆ ಒಳಗೆ ಚಳಿಗೆ ಹಾಕ್ಕೊಂಡಿದ್ದ ಚಪ್ಪಲಿ ಪಕ್ಕಕ್ಕೆ ಬಿಟ್ಟು, ಕೈ ಮುಗಿದು, ಆಮೇಲೆ ಬಗ್ಗಿ ಅವನ ಮುಖ ನೋಡಿದ್ರು. ಮುಟ್ಟಲಿಲ್ಲ.

"ಮಗಾ, ಇದರ ಕಣ್ಣು ನೋಡಿದ್ಯಾ? ಪೊರೆ ಬಿಡುವ ಹೊತ್ತಲ್ವಾ ಇದು?"

ನೋಡಿದ್ದೆ. ಅದನ್ನ ಇಲ್ಲಿ ಬರೀಲೇಬೇಕು. ಬೆಳಗ್ಗೆ ಚೀಲಕ್ಕೆ ಹಾಕುವಾಗಲೇ ಮೈ ಮಂಕಾಗಿತ್ತು, ಹೊಟ್ಟೆ ಕಡೆ ಸ್ವಲ್ಪ ಗುಲಾಬಿ ಬಣ್ಣ ಬಂದಿತ್ತು, ಕಣ್ಣಲ್ಲಿ ಹಾಲಿನ ಥರ ತೆಳ್ಳಗೆ ಮೋಡ. ಪೊರೆ ಬಿಡೋ ಮುಂಚೆ ಹಳೇ ಚರ್ಮಕ್ಕೂ ಹೊಸದಕ್ಕೂ ಮಧ್ಯ ದ್ರವ ತುಂಬ್ಕೊಂಡು ಕಣ್ಣು ಹಾಗೆ ಮಸುಕಾಗುತ್ತೆ, ಆ ಕೆಲವು ದಿನ ಸರಿಯಾಗಿ ಕಾಣಲ್ಲ, ಆಗ ಅವನ್ನ ಹೊರಗೆ ತೆಗೀಬಾರದು ಅಂತ ನನಗೆ ಚೆನ್ನಾಗಿ ಗೊತ್ತು. ಆದ್ರೂ, ಇನ್ನೂ ಪೂರ್ತಿ ಮಸುಕಾಗಿಲ್ಲ, ಬುಕಿಂಗ್‌ನಲ್ಲಿ ಹಾವು ಬೇಕೇಬೇಕು ಅಂತಿದೆ, ಇನ್ನೊಂದು ಹಾವಿಗೆ ನಿನ್ನೆ ಇಲಿ ತಿನ್ನಿಸಿದ್ದಾರೆ, ಅದನ್ನ ಎರಡು ದಿನ ಮುಟ್ಟೋ ಹಾಗಿಲ್ಲ, ಇವನೇ ನಡೀಲಿ ಅಂತ ಕರ್ಕೊಂಡು ಹೋಗಿದ್ದೆ.

"ಹೌದು ಅಜ್ಜಿ" ಅಂದೆ, ಅಷ್ಟೇ.

ಅಜ್ಜಿ ಬೈಯ್ಯಲಿಲ್ಲ. ಪಕ್ಕದಲ್ಲೇ ಕೂತ್ಕೊಂಡ್ರು. "ನನ್ನ ಕಣ್ಣಿಗೂ ಪೊರೆ ಬಂದಿತ್ತಲ್ಲ, ಆಪರೇಷನ್ ಮುಂಚೆ ಹೀಗೇ, ಎಲ್ಲ ಮಂಜು ಮಂಜು. ಯಾರಾದ್ರೂ ಹತ್ರ ಬಂದ್ರೆ ಹೆದರಿಕೆ ಆಗುದು, ಯಾರು ಅಂತ ಗೊತ್ತಾಗುದಿಲ್ಲ ಅಲ್ವಾ. ಒಮ್ಮೆ ಮೊಮ್ಮಗಳು ಹಿಂದಿಂದ ಬಂದು ಅಪ್ಪಿಕೊಂಡದ್ದಕ್ಕೆ ಜೋರು ಬೈದುಬಿಟ್ಟೆ, ಪಾಪ ಮಗು ಕೂಗಿತು."

ನಾನು ಬೆಲ್ಲನ್ನ ಅಷ್ಟು ಹೊತ್ತಿಗೆ ಚೀಲದೊಳಗೆ ಬಿಟ್ಟಿದ್ದೆ. ಹನ್ನೆರಡು ಮಕ್ಕಳು, ಅದಕ್ಕೂ ಮುಂಚೆ ಬೇರೆ ಎರಡು ಮನೆ. ಒಂದೊಂದು ಸಲ ಬೆರಳು ತಾಗಿದಾಗಲೂ ಅವನು ಕುತ್ತಿಗೆ ಹಿಂದಕ್ಕೆ ಎಳ್ಕೋತಿದ್ದ, ನಾನು ಮಕ್ಕಳಿಗೆ "ನೋಡಿ, ಅವನಿಗೆ ನಾಚಿಕೆ" ಅಂತಿದ್ದೆ.

ಆಮೇಲೆ ಅಜ್ಜಿ ಅವರ ಊರಿನ ಹಾವಾಡಿಗನ ಕಥೆ ಹೇಳಿದ್ರು. "ಘಟ್ಟದ ಮೇಲಿಂದ ಒಬ್ಬ ಬರ್ತಿದ್ದ, ಬುಟ್ಟಿ ಹಿಡ್ಕೊಂಡು. ಬನದ ನಾಗನಿಗೆ ನಾವು ತನು ಹಾಕುದು, ಹಾಲೆರೆಯುದು, ಅದು ಕಲ್ಲು. ಇದು ಜೀವಂತ ನಾಗ ಅಂಗಳಕ್ಕೇ ಬಂದದ್ದಲ್ವಾ! ಅತ್ತೆ ಒಳಗಿಂದ ಹಾಲು ತಂದು ಇಟ್ರೆ ಅದು ಕುಡಿಯುದು ಕುಡಿಯುದು, ಒಂದು ಗಿಂಡಿ ಪೂರ್ತಿ. ನಮಗೆ ಕಣ್ಣೀರು ಬರುದು ಭಕ್ತಿಯಲ್ಲಿ."

ನಾನು ಹೇಳಬಾರದಿತ್ತೇನೋ, ಆದ್ರೆ ಶಾಲೆಗಳಲ್ಲಿ ದಿನಾ ಹೇಳೋ ಮಾತು, ಬಾಯಿಗೆ ಬಂದುಬಿಡ್ತು. ಹಾವಿಗೆ ಹಾಲು ಆಗಲ್ಲ ಅಜ್ಜಿ, ಎಷ್ಟೋ ದಿನ ನೀರು ಕೊಡದೆ ಇಟ್ಟಿರ್ತಾರೆ, ಆಗ ಏನು ಇಟ್ರೂ ಕುಡಿಯುತ್ತೆ, ವಿಷದ ಹಲ್ಲೂ ಕಿತ್ತಿರ್ತಾರೆ, ಬಾಯಿ ಕೀವಾಗುತ್ತೆ, 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಹಾಗೆ ಹಾವು ಹಿಡಿದು ಆಡಿಸೋದು ಅಪರಾಧ ಅಂದೆ.

ತುಂಬ ಹೊತ್ತು ಅವರು ಮಾತಾಡಲಿಲ್ಲ. "ಬಾಯಾರಿಕೆಗೆ ಕುಡಿದದ್ದಾ ಹಾಗಾದ್ರೆ" ಅಂದ್ರು. ಆಮೇಲೆ, "ಬಾವಿ ಅಲ್ಲೇ ಇತ್ತು ಮಾರಾಯ್ತಿ. ಒಂದು ಲೋಟ ನೀರು ಇಡ್ಬಹುದಿತ್ತು."

ಒಳಗಿಂದ ಮಗಳು ಕೇಕಿಗೆ ಕರೆದ್ರು. ಏಳುವಾಗ ಕೇಳಿದ್ರು, "ಇವತ್ತು ಇದು ಎಷ್ಟನೇ ಮನೆ ಇದಕ್ಕೆ?"

ಮೂರು ಅಂತ ಹೇಳೋಕೆ ನಾಲಿಗೆ ಏಳಲಿಲ್ಲ, ಆದ್ರೂ ಹೇಳಿದೆ.

ವಾಪಸ್ ಡ್ರೈವ್ ಮಾಡ್ತಾ ದಾರಿಯುದ್ದಕ್ಕೂ ಮನಸ್ಸಲ್ಲೇ ಅಜ್ಜಿಗೆ ಉತ್ತರ ಕೊಡ್ತಿದ್ದೆ. ನಾನು ಹಾವಾಡಿಗ ಅಲ್ಲ. ನಮಗೆ ಇಲ್ಲಿ ಲೈಸೆನ್ಸ್ ಇದೆ, ಇವನು ಕಾಡಿಂದ ಹಿಡಿದವನಲ್ಲ, ಡಬ್ಬಿಯಲ್ಲಿ ಮೊಟ್ಟೆ ಒಡೆದು ಹುಟ್ಟಿದವನು, ಒಂದು ಹಲ್ಲೂ ಕಿತ್ತಿಲ್ಲ, ಬೆಚ್ಚಗೆ ಇಡ್ತೀವಿ, ನೀರಿನ ಬಟ್ಟಲು ಯಾವಾಗಲೂ ತುಂಬಿರುತ್ತೆ. ಹಾವು ಕಂಡ್ರೆ ದೊಣ್ಣೆ ಹುಡುಕೋ ಮನೆಯಲ್ಲೇ ನಾನು ಬೆಳೆದಿದ್ದು, ಆರು ವರ್ಷಕ್ಕೇ ಒಂದು ಹಾವನ್ನ ಹತ್ತಿರದಿಂದ ನೋಡಿದ ಮಗು ಮುಂದೆ ದೊಣ್ಣೆ ಎತ್ತಲ್ಲ ಅಂತ ಈಗಲೂ ನಂಬ್ತೀನಿ. ಇದೆಲ್ಲ ನಿಜ. ಬೆಳಗ್ಗೆ ಆ ಕಣ್ಣು ನೋಡಿಯೂ ಚೀಲದ ಬಾಯಿ ಕಟ್ಟಿದ್ದೂ ನಿಜ.

ಆಫೀಸಿಗೆ ಮೆಸೇಜ್ ಹಾಕಿದೆ, ಬೆಲ್ಲ ಪೊರೆ ಬಿಡೋವರೆಗೂ ಬರಲ್ಲ, ಸೋಮವಾರದ ಸ್ಕೂಲಿಗೆ ಹಾವಿಲ್ಲ ಅಂತ. ಸ್ಕೂಲಿನವರು ಹಾವಿಗಾಗೇ ಕರೆದಿರೋದು, ನೋಡು ಹೇಗಾದ್ರೂ ಮ್ಯಾನೇಜ್ ಮಾಡೋಕಾಗುತ್ತಾ ಅಂತ ಉತ್ತರ ಬಂತು. ಆಗಲ್ಲ ಅಂತ ಮತ್ತೆ ಹಾಕಿದೀನಿ. ಇನ್ನೂ ನೋಡಿಲ್ಲ ಅವರು.

ಹೊರಡೋ ಮುಂಚೆ ಅವನ ಡಬ್ಬಿಯೊಳಗೆ ಒದ್ದೆ ಬಟ್ಟೆ ಇಟ್ಟೆ, ತೇವ ಇದ್ರೆ ಪೊರೆ ಸಲೀಸಾಗಿ ಬರುತ್ತೆ. ತಲೆ ಅದರಡಿ ತೂರಿಸಿಕೊಂಡು ಮಲಗಿದ. ಮೇಲಿನ ಶೆಲ್ಫಲ್ಲಿ ಅವನ ಹೋದ ಸಲದ ಪೊರೆ ಕವರಲ್ಲಿತ್ತು, ಅದನ್ನ ತಂದಿದೀನಿ, ಈಗ ಟೇಬಲ್ ಮೇಲಿದೆ. ಮೂತಿಯಿಂದ ಬಾಲದ ತುದಿವರೆಗೂ ಒಂದೇ ತುಂಡು, ಕಾಲುಚೀಲ ಬಿಚ್ಚಿದ ಹಾಗೆ ಒಳಮೈ ಹೊರಗೆ. ಹಾವಿಗೆ ರೆಪ್ಪೆ ಇಲ್ಲವಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಪರೆಯೂ ಪೊರೆ ಜೊತೆಗೇ ಬರುತ್ತೆ, ಲೈಟಿಗೆ ಹಿಡಿದ್ರೆ ಎರಡು ಪುಟ್ಟ ಕನ್ನಡಕದ ಗಾಜಿನ ಥರ ಕಾಣ್ತಿದೆ. ಸೋಮವಾರ ಮಕ್ಕಳ ಕೈಗೆ ಇದನ್ನೇ ಕೊಟ್ಟು, ಇದರೊಳಗಿಂದ ಒಂದು ಸಲ ನೋಡಿ ಅಂತ